ಫೈಬರ್ ದೋಣಿಯ ಹಠಮಾರಿ ಕಲೆಗಳು: ಉಜ್ಜುವ ಮೊದಲು ಗುರುತು ಹಿಡಿಯಿರಿ

ಮಳೆಗಾಲ ಕಳೆದು ದೋಣಿಯನ್ನು ದಡಕ್ಕೆ ಎಳೆದಾಗ ಅದರ ಮೂತಿಯ ಎರಡೂ ಬದಿಗೆ ಚಹಾ ಬಣ್ಣದ ಮೀಸೆ ಮೂಡಿರುತ್ತದೆ. ಉಡುಪಿ ಕರಾವಳಿಯ ಕೋಡಿ ಬೆಂಗ್ರೆಯ ಅಳಿವೆಯಲ್ಲಿ, ಸ್ವರ್ಣಾ ಮತ್ತು ಸೀತಾ ನದಿಗಳ ಕೆಂಪು ನೀರಿನಲ್ಲಿ ನಾಲ್ಕು ತಿಂಗಳು ನಿಂತ ಬಿಳಿ ಫೈಬರ್ ದೋಣಿಗೆ ಈ ಮೀಸೆ ತಪ್ಪಿದ್ದಲ್ಲ. ಸಾಬೂನಿಗೆ ಅದು ಜಗ್ಗುವುದಿಲ್ಲ. ಮೊದಲ ವರ್ಷ ನಾನೂ ಎಲ್ಲರಂತೆ ಪಾತ್ರೆ ಉಜ್ಜುವ ಉಕ್ಕಿನ ನಾರನ್ನು ಹಿಡಿದು ಕುಳಿತೆ. ಅರ್ಧ ಗಂಟೆಯಲ್ಲಿ ಮೀಸೆ ಹೋಯಿತು; ನನಗೆ ಖುಷಿಯೋ ಖುಷಿ. ವಾರ ಕಳೆಯುವುದರೊಳಗೆ ಅದೇ ಜಾಗದಲ್ಲಿ ಒಗ್ಗರಣೆಯ ಸಾಸಿವೆ ಸಿಡಿದಂತೆ ನೂರಾರು ಕಂದು ಚುಕ್ಕೆಗಳು ಎದ್ದವು. ನಾರಿನ ಸಣ್ಣ ಸಣ್ಣ ತುಣುಕುಗಳು ಗೀರುಗಳಲ್ಲಿ ಸಿಕ್ಕಿಕೊಂಡು, ಉಪ್ಪುಗಾಳಿಗೆ ತುಕ್ಕು ಹಿಡಿದಿದ್ದವು. ಒಂದು ಕಲೆಯನ್ನು ತೆಗೆದು ನೂರನ್ನು ಬಿತ್ತಿದ್ದೆ.

ಆಮೇಲೆ ಕಲಿತ ಪಾಠವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪ್ರತಿ ಕಲೆಗೂ ಅದರದೇ ಮದ್ದಿದೆ. ಮೊದಲು ಕಲೆಯನ್ನು ಕರಗಿಸಲು ನೋಡಬೇಕು. ಕರಗದೇ ಉಳಿದದ್ದನ್ನು ಮಾತ್ರ ಉಜ್ಜಬೇಕು.

ಅರ್ಧ ಮಿಲಿಮೀಟರಿನ ಚರ್ಮ

ಫೈಬರ್ ದೋಣಿಯನ್ನು ಹೊರಗಿನಿಂದ ಒಳಕ್ಕೆ ಕಟ್ಟುತ್ತಾರೆ. ಅಚ್ಚಿನ ಒಳಮೈಗೆ ಮೊದಲು ಬಣ್ಣ ಬೆರೆಸಿದ ಪಾಲಿಯೆಸ್ಟರ್ ರಾಳವನ್ನು ಹಚ್ಚುತ್ತಾರೆ. ಅದರ ಮೇಲೆ ಗಾಜಿನ ನಾರಿನ ಚಾಪೆ ಮತ್ತು ರಾಳವನ್ನು ಪದರ ಪದರವಾಗಿ ಕೂರಿಸುತ್ತಾರೆ. ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸಿದಾಗ, ಮೊದಲು ಹಚ್ಚಿದ ಆ ಪದರ ಹೊರಮೈಯಾಗಿ ಹೊಳೆಯುತ್ತದೆ. ಅದೇ ಜೆಲ್‌ಕೋಟ್. ದಪ್ಪ ಸುಮಾರು ಅರ್ಧ ಮಿಲಿಮೀಟರ್, ಅಷ್ಟೇ. ನೋಡಲು ಗಾಜಿನಂತಿದ್ದರೂ ಅದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಬಿಸಿಲಿನ ಅತಿನೇರಳೆ ಕಿರಣಗಳಿಗೆ ಮೇಲ್ಮೈಯ ರಾಳ ಸವೆದು, ಬೆರಳಾಡಿಸಿದರೆ ಸೀಮೆಸುಣ್ಣದಂಥ ಪುಡಿ ಅಂಟುತ್ತದೆ. ಆ ಸ್ಥಿತಿಗೆ ಬಂದ ಮೈ ಕಲೆಯನ್ನು ಸ್ಪಂಜಿನಂತೆ ಹೀರಿಕೊಳ್ಳುತ್ತದೆ. ಹಳೆಯ ದೋಣಿಗೆ ಕಲೆ ಬೇಗ ಹಿಡಿಯುವುದೂ, ಬೇಗ ಬಿಡದಿರುವುದೂ ಇದೇ ಕಾರಣಕ್ಕೆ.

ಮರದ ದೋಣಿಗೆ ಹಿಂದಿನವರು ಬೂತಾಯಿ ಮೀನಿನ ಎಣ್ಣೆಯನ್ನು ಬಳಿದು ಕೈತೊಳೆದುಕೊಳ್ಳುತ್ತಿದ್ದರು. ವರ್ಷ ವರ್ಷ ಹೊಸ ಪದರ ಬೀಳುತ್ತಿತ್ತು. ಜೆಲ್‌ಕೋಟ್ ಹಾಗಲ್ಲ. ಉಜ್ಜಿದಷ್ಟೂ ತೆಳುವಾಗುತ್ತದೆ, ಮತ್ತೆ ಬೆಳೆಯುವುದಿಲ್ಲ.

ಇದು ಯಾವ ಕಲೆ?

ದೋಣಿಯ ಸುತ್ತ ಒಂದು ಸುತ್ತು ಬನ್ನಿ. ಕಲೆ ಎಲ್ಲಿದೆ ಎನ್ನುವುದೇ ಅದು ಯಾವುದು ಎಂದು ಅರ್ಧ ಹೇಳಿಬಿಡುತ್ತದೆ.

ನೀರು ತಾಗುವ ಗೆರೆಯ ಉದ್ದಕ್ಕೂ, ಮೂತಿಯಲ್ಲಿ ಹೆಚ್ಚಾಗಿ ಕಾಣುವ ಹಳದಿ-ಕಂದು ಪಟ್ಟಿ ನದಿಯ ನೀರಿನದು. ಘಟ್ಟದ ಕಾಡಿನಲ್ಲಿ ಕೊಳೆತ ಎಲೆ-ತೊಗಟೆಯ ಒಗರು, ಅಂದರೆ ಟ್ಯಾನಿನ್, ಆ ನೀರಿನಲ್ಲಿರುತ್ತದೆ. ಜೊತೆಗೆ ಮುರಕಲ್ಲಿನ ಮಣ್ಣಿನಿಂದ ಬಂದ ಕಬ್ಬಿಣದ ಅಂಶ. ಇವೆರಡೂ ಸೇರಿದರೆ ಏನಾಗುತ್ತದೆ ಎಂಬುದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು: ಒಗರಿನ ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣದ ಲವಣವಾದ ಅನ್ನಭೇದಿ ಹಾಕಿ ಕಪ್ಪು ಶಾಯಿ ಮಾಡುತ್ತಿದ್ದರು. ನಿಮ್ಮ ದೋಣಿಯ ಮೀಸೆ ಒಂದು ಬಗೆಯ ತೆಳು ಶಾಯಿ. ಸಾಬೂನಿಗೆ ಶಾಯಿ ಹೋದೀತೇ?

ಬೋಲ್ಟ್, ಕೊಕ್ಕೆ, ಕೈಗಂಬಿಗಳ ಬುಡದಿಂದ ಕೆಳಕ್ಕೆ ಇಳಿದ ಕಿತ್ತಳೆ ಗೆರೆ ತುಕ್ಕಿನದು. ಗೆರೆಯಿಲ್ಲದೆ ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿದ್ದರೆ ದೋಣಿ ನಿಂತ ಜಾಗವನ್ನು ನೆನಪಿಸಿಕೊಳ್ಳಿ. ಪಕ್ಕದಲ್ಲಿ ಯಾರಾದರೂ ಕಬ್ಬಿಣ ಕತ್ತರಿಸುತ್ತಿದ್ದರೇ? ಗ್ರೈಂಡರ್‌ನಿಂದ ಹಾರುವ ಕಿಡಿ ಎಂದರೆ ಬೆಂಕಿಯಾಗಿ ಉರಿಯುವ ಕಬ್ಬಿಣದ ಪುಡಿ. ಅದು ಜೆಲ್‌ಕೋಟಿನ ಮೇಲೆ ಬಿದ್ದರೆ ಸುಟ್ಟು ಒಳಗೆ ಕೂರುತ್ತದೆ. ಆ ಹೊತ್ತಿಗೆ ಏನೂ ಕಾಣುವುದಿಲ್ಲ. ಕೆಲವು ದಿನ ಕಳೆದ ಮೇಲೆ ತುಕ್ಕು ಹೊರಬರುತ್ತದೆ, ಅಷ್ಟರಲ್ಲಿ ಗ್ರೈಂಡರ್ ಹಿಡಿದವನು ಮನೆಗೆ ಹೋಗಿರುತ್ತಾನೆ.

ಒಳಮೈಯ ನೆರಳಿನ ಮೂಲೆಗಳಲ್ಲಿ, ಟಾರ್ಪಾಲಿನ್ ಮುಚ್ಚಿದ ಕಡೆ ಕಾಣುವ ಕಪ್ಪು ಚುಕ್ಕೆಗಳು ಬೂಷ್ಟು. ಎಂಜಿನ್ ಇರುವ ಹಿಂಬದಿಯ ಜಿಡ್ಡುಗಪ್ಪು ಸೀಮೆಎಣ್ಣೆ ಮತ್ತು ಆಯಿಲ್ ಉರಿದ ಮಸಿ. ಟೈರ್ ಕಟ್ಟಿದ ಜಾಗದಲ್ಲಿ ರಬ್ಬರಿನ ಕಪ್ಪು. ಮೀನು ಹಾಕುವ ಜಾಗದಲ್ಲಿ ರಕ್ತ, ಮತ್ತು ಬೊಂಡಾಸ್ (ಸ್ಕ್ವಿಡ್) ಹಿಡಿದಿದ್ದರೆ ಅದು ಉಗುಳುವ ಮಸಿ. ನೀರಿನ ಗೆರೆಯ ಕೆಳಗೆ ದುಂಡಗಿನ ಬಿಳಿ ಉಂಗುರಗಳಿದ್ದರೆ, ಅವು ಕೆರೆದು ತೆಗೆದ ಬಾರ್ನಕಲ್‌ಗಳ, ಅಂದರೆ ದೋಣಿಗೆ ಅಂಟಿ ಬೆಳೆಯುವ ಸಣ್ಣ ಚಿಪ್ಪುಜೀವಿಗಳ, ಸುಣ್ಣದ ಬುಡ.

ಕಲೆಯೇ ಅಲ್ಲದ ಎರಡನ್ನು ಈಗಲೇ ಗುರುತಿಸಿಕೊಳ್ಳಿ. ಜೇಡರ ಬಲೆಯಂತೆ ಹರಡಿದ ಕೂದಲೆಳೆ ಗೆರೆಗಳು ಜೆಲ್‌ಕೋಟಿನ ಬಿರುಕುಗಳು. ಕೊಳೆ ಅದರೊಳಗೆ ಇಳಿದಿರುತ್ತದೆ, ತೊಳೆದರೆ ಹೋಗದು. ನೀರಿನಡಿಯ ಭಾಗದಲ್ಲಿ ಗುಳ್ಳೆ ಎದ್ದು, ಚುಚ್ಚಿದರೆ ವಿನೆಗರ್ ವಾಸನೆಯ ಅಂಟು ದ್ರವ ಬಂದರೆ ನೀರು ಪದರದೊಳಗೆ ಇಳಿದಿದೆ ಎಂದರ್ಥ. ಇವೆರಡೂ ಫೈಬರ್ ಕೆಲಸದವರ ಪಾಲು.

ಸರಂಜಾಮು

ಪಾತ್ರೆ ತೊಳೆಯುವ ದ್ರವ, ಮೆದು ಬ್ರಷ್, ಪ್ಲಾಸ್ಟಿಕ್ ಬಕೆಟ್ ಎರಡು, ಹಳೆಯ ಹತ್ತಿ ಬಟ್ಟೆ ಸಾಕಷ್ಟು. ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ಪುಡಿ ಅಳೆಯುವಾಗ ಮೂಗಿಗೆ ಮುಖಗವಸು. ಅಡುಗೆ ಸೋಡಾ ಮತ್ತು ಸ್ವಲ್ಪ ಸುಣ್ಣ. ಮುಖ್ಯವಾದದ್ದು ಆಕ್ಸಾಲಿಕ್ ಆಮ್ಲದ ಪುಡಿ. ದೋಣಿಯ ಸಾಮಾನು ಮಾರುವವರಲ್ಲಿ ಹುಡುಕುತ್ತಾ ಅಲೆಯಬೇಡಿ. ಮೊಸಾಯಿಕ್, ಮಾರ್ಬಲ್ ನೆಲಕ್ಕೆ ಪಾಲಿಶ್ ಮಾಡುವವರು ಇದನ್ನೇ ಬಳಸುತ್ತಾರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಕಾರುಗಳಿಗೆ ಬಣ್ಣ ಹೊಡೆಯುವ ಸಾಮಾನಿನ ಅಂಗಡಿಯಲ್ಲಿ ರಬ್ಬಿಂಗ್ ಕಾಂಪೌಂಡ್ (ಮೈಯನ್ನು ನಯವಾಗಿ ಸವೆಸುವ ಲೇಪ), ನೀರುಕಾಗದ (ನೀರು ಹಾಕಿ ತಿಕ್ಕುವ ನಯವಾದ ಉಜ್ಜುಕಾಗದ) ಮತ್ತು ವ್ಯಾಕ್ಸ್ ಸಿಗುತ್ತವೆ.

ಆಕ್ಸಾಲಿಕ್ ಆಮ್ಲ ವಿಷ. ಕರಗಿಸಿದರೆ ನೀರಿನಷ್ಟೇ ತಿಳಿಯಾಗಿ ಕಾಣುತ್ತದೆ. ಅದನ್ನು ಕುಡಿಯುವ ನೀರಿನ ಹಳೆಯ ಬಾಟಲಿಯಲ್ಲಿ ತುಂಬಿಡುವ ನಮ್ಮ ಊರಿನ ಅಭ್ಯಾಸವನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಆ ಹೊತ್ತಿಗೆ ಬೇಕಾದಷ್ಟೇ ಕಲಸಿ, ಉಳಿಸಬೇಡಿ.

ತೊಳೆಯುವುದು ಮತ್ತು ಪರೀಕ್ಷೆ

ಬೆಳಿಗ್ಗೆ ಬೇಗ ಶುರು ಮಾಡಿ, ಅಥವಾ ದೋಣಿಗೆ ನೆರಳು ಮಾಡಿ. ಬಿಸಿಲಿಗೆ ಕಾದ ಮೈಗೆ ಮದ್ದು ತಾಗಿದ ಕೂಡಲೇ ಒಣಗಿ ಹೊಸ ಪಟ್ಟೆಗಳನ್ನು ಬಿಡುತ್ತದೆ. ಸಿಹಿನೀರಿನಿಂದ ಉಪ್ಪು, ಮರಳು ಪೂರ್ತಿ ಹೋಗುವಂತೆ ತೊಳೆಯಿರಿ. ಒಂದು ಕಣ ಮರಳು ಬಟ್ಟೆಯಲ್ಲಿ ಸಿಕ್ಕಿಕೊಂಡರೆ ನೀವು ಒರೆಸಿದಲ್ಲೆಲ್ಲ ಗೀರು. ನಂತರ ಪಾತ್ರೆ ತೊಳೆಯುವ ದ್ರವದ ನೊರೆಯಲ್ಲಿ ಉಜ್ಜಿ, ಹಳೆಯ ವ್ಯಾಕ್ಸ್ ಮತ್ತು ಜಿಡ್ಡನ್ನು ಬಿಡಿಸಿ. ಜಿಡ್ಡು ಉಳಿದ ಕಡೆ ಆಮ್ಲ ಹಿಡಿಯುವುದಿಲ್ಲ, ಬಿಳುಪು ಚಿಕ್ಕೆ ಚಿಕ್ಕೆಯಾಗಿ ಬರುತ್ತದೆ.

ಇಷ್ಟಕ್ಕೇ ಅರ್ಧ ಕಲೆ ಹೋಗುವುದುಂಟು. ಉಳಿದದ್ದಕ್ಕೆ ಬಳಸುವ ಪ್ರತಿಯೊಂದು ಮದ್ದನ್ನೂ ಮೊದಲು ಯಾರಿಗೂ ಕಾಣದ ಮೂಲೆಯಲ್ಲಿ ಅಂಗೈ ಅಗಲ ಹಚ್ಚಿ ನೋಡಿ. ಬಿಳಿ ದೋಣಿ ಸಹಿಸುವುದನ್ನು ನೀಲಿ, ಹಸಿರು ದೋಣಿ ಸಹಿಸಬೇಕೆಂದಿಲ್ಲ.

ನದಿಯ ಮೀಸೆ ಮತ್ತು ತುಕ್ಕು: ಆಕ್ಸಾಲಿಕ್ ಕೆಲಸ

ಕರಾವಳಿಯ ಮನೆಗಳಲ್ಲಿ ತುಕ್ಕು ಹಿಡಿದ ಕತ್ತಿಗೆ ಬಿಂಬುಳಿ ಕಾಯಿಯನ್ನು ಸೀಳಿ ಉಜ್ಜುವುದುಂಟು. ಹಿತ್ತಾಳೆ ಪಾತ್ರೆಗೂ ಅದೇ. ಆ ಹುಳಿಯಲ್ಲಿ ಇರುವುದು ಇದೇ ಆಕ್ಸಾಲಿಕ್ ಆಮ್ಲ. ಕಬ್ಬಿಣವನ್ನು ಅದು ಹಿಡಿದುಕೊಂಡು ನೀರಿನಲ್ಲಿ ಕರಗುವ ರೂಪಕ್ಕೆ ತರುತ್ತದೆ. ಕಲೆ ಮೈಯಿಂದ ಬಿಟ್ಟು ನೀರಿನೊಂದಿಗೆ ಹೋಗುತ್ತದೆ, ಉಜ್ಜುವ ಪ್ರಮೇಯವೇ ಇಲ್ಲ. ಸಣ್ಣ ತುಕ್ಕಿನ ಚುಕ್ಕೆಗೆ ನಾನು ಬಿಂಬುಳಿಯನ್ನೇ ಪ್ರಯತ್ನಿಸಿದ್ದೇನೆ. ಹೋಗುತ್ತದೆ, ತಾಳ್ಮೆ ಬೇಕು. ಇಡೀ ದೋಣಿಗೆ ಒಂದು ಮರದ ಕಾಯಿ ಸಾಲದು.

ಪ್ಲಾಸ್ಟಿಕ್ ಬಕೆಟ್‌ನಲ್ಲಿ ಒಂದು ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ಪುಡಿ ಹಾಕಿ ಕದಡಿ. ಪುಡಿಯನ್ನು ನೀರಿಗೆ ಹಾಕಬೇಕು. ಅಲ್ಯೂಮಿನಿಯಂ ಅಥವಾ ಸತು ಲೇಪಿಸಿದ ಬಕೆಟ್ ಬೇಡ, ಆಮ್ಲ ಅದನ್ನೇ ತಿನ್ನುತ್ತದೆ. ದೋಣಿಯಲ್ಲಿರುವ ಅಂಥ ಲೋಹಗಳಿಗೂ ತಾಗದಂತೆ ಪ್ಲಾಸ್ಟಿಕ್ ಹಾಳೆ ಸುತ್ತಿ.

ಸ್ಪಂಜಿನಿಂದ ಕೆಳಗಿನಿಂದ ಮೇಲಕ್ಕೆ ಹಚ್ಚಿಕೊಂಡು ಹೋಗಿ. ಮೇಲಿನಿಂದ ಹಚ್ಚಿದರೆ ಇಳಿದ ದ್ರವ ಒಣಮೈಯಲ್ಲಿ ದಾರಿ ಮಾಡಿಕೊಂಡು, ಆ ದಾರಿಗಳು ಮಾತ್ರ ಬೆಳ್ಳಗಾಗಿ ಪಟ್ಟೆ ಪಟ್ಟೆಯಾಗಿ ಉಳಿಯುತ್ತವೆ. ಒಂದು ಮೀಟರ್ ಅಗಲದ ಭಾಗವನ್ನು ಆರಿಸಿಕೊಳ್ಳಿ, ಹಚ್ಚಿ, 10ರಿಂದ 15 ನಿಮಿಷ ಬಿಡಿ. ಒಣಗುತ್ತಾ ಬಂದರೆ ಮತ್ತೆ ಒದ್ದೆ ಮಾಡಿ. ಮೀಸೆ ಮಾಸುವುದನ್ನು ನಿಂತು ನೋಡಬಹುದು: ಮೊದಲು ಅಂಚು ಮಸುಕಾಗುತ್ತದೆ, ಆಮೇಲೆ ಕಂದು ಹಳದಿಯಾಗುತ್ತದೆ, ಹಳದಿ ಬಿಳಿಯಾಗುತ್ತದೆ. ಕೊನೆಗೆ ಮೇಲಿನಿಂದ ಧಾರಾಳ ನೀರು ಸುರಿದು ತೊಳೆಯಿರಿ. ಒಮ್ಮೆಗೆ ಹೋಗದಿದ್ದರೆ ಎರಡನೇ ಸಲ ಹಚ್ಚಿ; ಪುಡಿಯನ್ನು ಎರಡು ಪಟ್ಟು ಹಾಕಿ ಅವಸರಿಸಬೇಡಿ.

ತುಕ್ಕಿನ ಗೆರೆ ಲಂಬವಾಗಿರುವುದರಿಂದ ದ್ರವ ಅಲ್ಲಿ ನಿಲ್ಲುವುದಿಲ್ಲ. ಇದಕ್ಕೆ ಗೋಡೆಗೆ ಪೋಸ್ಟರ್ ಅಂಟಿಸುವಂಥ ಮೈದಾ ಅಂಟನ್ನು ಕಾಯಿಸಿ, ಆರಿದ ಮೇಲೆ ಆಕ್ಸಾಲಿಕ್ ದ್ರಾವಣ ಸೇರಿಸಿ ದೋಸೆಹಿಟ್ಟಿನ ಹದಕ್ಕೆ ತನ್ನಿ. ಗೆರೆಯ ಮೇಲೆ ಬೆರಳು ದಪ್ಪ ಬಳಿದು ಪ್ಲಾಸ್ಟಿಕ್ ಹಾಳೆ ಅಂಟಿಸಿ. ಕಳೆದ ಸಲ ನನ್ನ ದೋಣಿಯ ಮೂತಿಯ ಕೊಕ್ಕೆಯ ಕೆಳಗೆ ಗೇಣುದ್ದದ ಕಿತ್ತಳೆ ಗೆರೆ ಇತ್ತು. ಇಪ್ಪತ್ತು ನಿಮಿಷ ಕಳೆದು ಹಾಳೆ ಸರಿಸಿದಾಗ, ಬಿಳಿಯಾಗಿದ್ದ ಲೇಪ ಎಳೆ ನಿಂಬೆಯ ಹಳದಿ-ಹಸಿರಿಗೆ ತಿರುಗಿತ್ತು. ಕಬ್ಬಿಣ ಅದರೊಳಕ್ಕೆ ಬಂದಿತ್ತು ಎನ್ನುವುದಕ್ಕೆ ಅದೇ ಸಾಕ್ಷಿ. ಒರೆಸಿದರೆ ಗೆರೆಯ ಜಾಗದಲ್ಲಿ ಬರೀ ಬಿಳುಪು. ಬೋಲ್ಟಿನ ಬುಡದಲ್ಲಿ ಮಾತ್ರ ಕೂದಲಿನಷ್ಟು ತೆಳುವಾದ ಕಂದು ಉಂಗುರ ಉಳಿದಿತ್ತು; ಅದರ ಕಥೆಗೆ ಆಮೇಲೆ ಬರುತ್ತೇನೆ.

ತೊಳೆದ ನೀರು ನೇರ ಹೊಳೆಗೆ ಹೋಗದಿರಲಿ. ನಮ್ಮ ಅಳಿವೆಯಲ್ಲಿ ಜನ ತಿನ್ನಲು ಮರುವಾಯಿ (ಚಿಪ್ಪುಮೀನು) ಹೆಕ್ಕುತ್ತಾರೆ. ಕೆಳಗೆ ಟಾರ್ಪಾಲಿನ್ ಹಾಸಿ ಹಚ್ಚಿದ ದ್ರವವನ್ನು ಬಕೆಟ್‌ಗೆ ಇಳಿಸಿ ಸುಣ್ಣ ಕಲಸಿದರೆ, ಆಮ್ಲ ಕರಗದ ಬಿಳಿ ಗಸಿಯಾಗಿ ತಳದಲ್ಲಿ ಕೂರುತ್ತದೆ. ದೋಣಿಯ ಮೈಗೆ ಕೊನೆಯಲ್ಲಿ ಒಂದು ಲೀಟರ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಕದಡಿ ಒರೆಸಿ, ಮತ್ತೆ ತೊಳೆಯಿರಿ.

ಇನ್ನು ಕೆಲವರು ಹೇಳುವ ಅಡ್ಡದಾರಿ: ಕಕ್ಕಸು ತೊಳೆಯುವ ದ್ರವ. ಅದರಲ್ಲಿರುವುದು ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಮೀಸೆ ಎರಡೇ ನಿಮಿಷದಲ್ಲಿ ಹೋಗುತ್ತದೆ, ನಿಜ. ಆದರೆ ಅದರ ಹಬೆ ಮತ್ತು ಹನಿ ಸ್ಟೇನ್‌ಲೆಸ್ ಸ್ಟೀಲಿಗೂ ಕುಳಿ ಹಾಕುತ್ತದೆ, ಸತು ಲೇಪವನ್ನು ಕಿತ್ತು ತಿನ್ನುತ್ತದೆ. ಮುಂದಿನ ವರ್ಷದ ತುಕ್ಕನ್ನು ಈ ವರ್ಷವೇ ಮುಂಗಡ ಕೊಟ್ಟು ತಂದಂತೆ.

ಬ್ಲೀಚ್ ಅಂತೂ ತುಕ್ಕಿಗೆ ಬೇಡವೇ ಬೇಡ. ಅದು ಕಬ್ಬಿಣವನ್ನು ಇನ್ನಷ್ಟು ತುಕ್ಕಾಗಿಸಿ ಕಲೆಯನ್ನು ಗಟ್ಟಿಯಾಗಿ ಕೂರಿಸುತ್ತದೆ.

ಬೂಷ್ಟು, ರಕ್ತ, ಬೊಂಡಾಸಿನ ಮಸಿ

ಇವು ಜೀವದ ಮೂಲದ ಕಲೆಗಳು. ಇಲ್ಲಿ ಬ್ಲೀಚ್‌ಗೆ ಕೆಲಸವಿದೆ. ಬೂಷ್ಟಿಗೆ ಒಂದು ಪಾಲು ಮನೆಬಳಕೆಯ ಬ್ಲೀಚ್‌ಗೆ ಹತ್ತು ಪಾಲು ನೀರು ಬೆರೆಸಿ, ಹತ್ತು ನಿಮಿಷ ಬಿಟ್ಟು ಮೆದು ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ರಕ್ತಕ್ಕೆ ಮೊದಲು ತಣ್ಣೀರು, ಬಿಸಿನೀರು ಹಾಕಿದರೆ ಅದು ಬೆಂದು ಹಿಡಿದುಕೊಳ್ಳುತ್ತದೆ. ಬೊಂಡಾಸಿನ ಮಸಿಯ ಕಪ್ಪಿಗೆ ಕಾರಣ ಮೆಲನಿನ್, ನಮ್ಮ ತಲೆಗೂದಲಿಗೆ ಕಪ್ಪು ಕೊಡುವಂಥದ್ದೇ. ಕೂದಲಿನ ಬಣ್ಣ ತೆಗೆಯುವ ಹೈಡ್ರೋಜನ್ ಪೆರಾಕ್ಸೈಡ್ ಇದಕ್ಕೂ ಒಗ್ಗುತ್ತದೆ. ಬಟ್ಟೆಯನ್ನು ಅದರಲ್ಲಿ ಅದ್ದಿ, ಕಲೆಯ ಮೇಲೆ ಹಾಸಿ, ಪ್ಲಾಸ್ಟಿಕ್ ಮುಚ್ಚಿ ಒಂದು ಗಂಟೆ ಬಿಡಿ. ಹಸಿಯಿರುವಾಗಲೇ ಸಮುದ್ರದ ನೀರು ಎರಚಿದ್ದರೆ ಇಷ್ಟು ಪಾಡು ಬೇಕಿರಲಿಲ್ಲ ಎನ್ನುವುದು ಬೇರೆ ಮಾತು.

ಎಚ್ಚರದ ಒಂದೇ ಮಾತು, ಆದರೆ ಇದನ್ನು ಮರೆಯುವಂತಿಲ್ಲ: ಬ್ಲೀಚ್ ಮತ್ತು ಯಾವುದೇ ಆಮ್ಲ ಒಂದಕ್ಕೊಂದು ತಾಗಬಾರದು. ಕ್ಲೋರಿನ್ ಅನಿಲ ಹೊರಡುತ್ತದೆ, ಅದು ಶ್ವಾಸಕೋಶವನ್ನು ಸುಡುತ್ತದೆ. ಒಂದೇ ದಿನ ಎರಡನ್ನೂ ಬಳಸಬೇಡಿ. ಬಕೆಟ್, ಬಟ್ಟೆ, ಬ್ರಷ್ ಬೇರೆ ಬೇರೆ ಇರಲಿ.

ಜಿಡ್ಡು, ಟೈರ್, ಸುಣ್ಣದ ಉಂಗುರ

ಎಂಜಿನ್ ಮಸಿಯನ್ನು ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿ, ಕೂಡಲೇ ಸಾಬೂನು ನೊರೆಯಿಂದ ತೊಳೆಯಿರಿ. ಟೈರಿನ ಕಪ್ಪಿಗೂ ಇದೇ, ಅಥವಾ ಬಟ್ಟೆಗೆ ಸ್ವಲ್ಪ ಅಸಿಟೋನ್ ಹಾಕಿ ಬೇಗ ಬೇಗ ಒರೆಸಿ ತೆಗೆಯಿರಿ. ಅಸಿಟೋನನ್ನು ಮೈಮೇಲೆ ನಿಲ್ಲಲು ಬಿಡಬೇಡಿ, ಹತ್ತಿರ ಬೀಡಿ ಬೇಡ. ಕಪ್ಪು ಹೋದ ಮೇಲೂ ಟೈರ್ ತಾಗಿದ ಜಾಗದಲ್ಲಿ ಮಾಸಲು ಕಂದು ಉಳಿಯಬಹುದು. ರಬ್ಬರಿಗೆ ಬೆರೆಸಿದ ರಾಸಾಯನಿಕ ಜೆಲ್‌ಕೋಟಿನೊಳಕ್ಕೆ ಇಳಿದಿರುತ್ತದೆ. ಅದು ಉಜ್ಜುವ ಹಂತಕ್ಕೆ ಹೋಗುವ ಕಲೆ.

ಬಾರ್ನಕಲ್‌ಗಳನ್ನು ದೋಣಿ ಎಳೆದ ದಿನವೇ, ಒದ್ದೆಯಿರುವಾಗಲೇ ಬಿದಿರಿನ ಚಕ್ಕೆಯಿಂದ ಕೆರೆಯಿರಿ. ಒಣಗಿದರೆ ಕಲ್ಲು. ಉಳಿದ ಸುಣ್ಣದ ಉಂಗುರಗಳ ಮೇಲೆ ವಿನೆಗರ್‌ನಲ್ಲಿ ನೆನೆಸಿದ ಬಟ್ಟೆಯನ್ನು ಅರ್ಧ ಗಂಟೆ ಹಾಸಿದರೆ ಸಣ್ಣಗೆ ನೊರೆ ಏಳುತ್ತಾ ಮೆತ್ತಗಾಗುತ್ತವೆ. ತಳಕ್ಕೆ ಪಾಚಿ-ಚಿಪ್ಪು ತಡೆಯುವ ಬಣ್ಣ ಹಚ್ಚಿದ್ದರೆ ಈ ಯಾವ ಮದ್ದನ್ನೂ ಅಲ್ಲಿ ಬಳಸಬೇಡಿ, ಒಣದಾಗಿ ಉಜ್ಜಬೇಡಿ. ಆ ಬಣ್ಣದ ಪುಡಿ ಉಸಿರಿಗೆ ಹೋಗಬಾರದು.

ಇಷ್ಟಾದರೂ ಹೋಗದಿದ್ದರೆ ಉಜ್ಜುವುದು

ಇಲ್ಲಿಯೂ ನಯವಾದದ್ದರಿಂದ ಆರಂಭಿಸಿ. ಮೊದಲು ಪಾಲಿಶ್, ಅದಕ್ಕೂ ಬಗ್ಗದಿದ್ದರೆ ರಬ್ಬಿಂಗ್ ಕಾಂಪೌಂಡ್. ಬಟ್ಟೆಯಲ್ಲಿ ಸ್ವಲ್ಪ ತೆಗೆದುಕೊಂಡು, ಅಂಗೈ ಅಗಲದ ಜಾಗವನ್ನು ವೃತ್ತಾಕಾರವಾಗಿ ತಿಕ್ಕಿ. ಮಾಸಲು ಹಳದಿ, ಸೀಮೆಸುಣ್ಣದ ಪುಡಿ, ಟೈರಿನ ಕಂದು ಬಹುಪಾಲು ಇಲ್ಲಿಗೆ ಹೋಗುತ್ತವೆ. ಯಂತ್ರ ಬಳಸುವುದಾದರೆ ನಿಧಾನ ವೇಗದಲ್ಲಿ, ಕೈ ನಿಲ್ಲಿಸದೆ ಓಡಿಸಿ. ಒಂದೇ ಕಡೆ ನಿಂತರೆ ಬಿಸಿಗೆ ಜೆಲ್‌ಕೋಟ್ ಸುಟ್ಟು ಹಳದಿಯಾಗುತ್ತದೆ. ಮೂಲೆ, ಅಂಚುಗಳಲ್ಲಿ ಪದರ ಬೇಗ ಸವೆಯುತ್ತದೆ, ಅಲ್ಲಿ ಕೈಯೇ ಲೇಸು.

ನೀರುಕಾಗದ ಕೊನೆಯದು. ಗೀರಿನೊಳಗೆ ಇಳಿದ ಕಲೆಗೆ ಮಾತ್ರ. 1000 ನಂಬರಿನಿಂದ ಆರಂಭಿಸಿ 1500, ನಂತರ 2000. 800ಕ್ಕಿಂತ ಒರಟಾದದ್ದನ್ನು ಕಲೆಯ ನೆಪದಲ್ಲಿ ಕೈಗೆತ್ತಿಕೊಳ್ಳಬೇಡಿ. ಕಾಗದವನ್ನು ರಬ್ಬರ್ ತುಂಡಿಗೆ ಸುತ್ತಿಕೊಳ್ಳಿ; ಬರೀ ಬೆರಳಿನಿಂದ ಒತ್ತಿದರೆ ಮೈ ಹಳ್ಳ ಬೀಳುತ್ತದೆ. ನೀರಿಗೆ ಎರಡು ಹನಿ ಸಾಬೂನು. ಶುರು ಮಾಡುವ ಮೊದಲು ಜಾಗದ ಮೇಲೆ ಪೆನ್ಸಿಲಿನಿಂದ ಅಡ್ಡ-ಉದ್ದ ಗೆರೆ ಎಳೆಯಿರಿ. ಗೆರೆಗಳು ಅಳಿದ ಕೂಡಲೇ ನಿಲ್ಲಿಸಿ ಒರೆಸಿ ನೋಡಿ. ಬಿಳುಪಿನಡಿ ಮಬ್ಬು ಹಸಿರು ಅಥವಾ ನಾರಿನ ನೇಯ್ಗೆ ತೋರತೊಡಗಿದರೆ ಜೆಲ್‌ಕೋಟ್ ಮುಗಿಯುತ್ತಾ ಬಂದಿದೆ, ಅಲ್ಲಿಗೆ ಬಿಡಿ. ಕಲೆಯೊಂದಿಗೆ ಬದುಕಬಹುದು, ತೂತಾದ ಜೆಲ್‌ಕೋಟಿನೊಂದಿಗೆ ಆಗದು.

ವ್ಯಾಕ್ಸ್, ಮತ್ತು ಆ ಕಂದು ಉಂಗುರ

ಆಮ್ಲ ಮತ್ತು ಕಾಂಪೌಂಡ್ ಮೈಯನ್ನು ಬೆತ್ತಲೆ ಮಾಡಿರುತ್ತವೆ. ಹಾಗೆಯೇ ನೀರಿಗಿಳಿಸಿದರೆ ಮೀಸೆ ಮೊದಲಿಗಿಂತ ಬೇಗ ಬರುತ್ತದೆ. ಪೂರ್ತಿ ಒಣಗಿದ ಮೇಲೆ ಕಾರ್ನೌಬಾ ವ್ಯಾಕ್ಸನ್ನು (ಒಂದು ಬಗೆಯ ತಾಳೆ ಎಲೆಯ ಮೇಣ) ತೆಳುವಾಗಿ ಎರಡು ಸಲ ಹಚ್ಚಿ, ಮಬ್ಬು ಕಟ್ಟಿದ ಮೇಲೆ ಒಣಬಟ್ಟೆಯಿಂದ ಒರೆಸಿ. ಸಿಲಿಕೋನ್ ಬೆರೆತ ಪಾಲಿಶ್ ಹೊಳಪು ಹೆಚ್ಚು ಕೊಡುತ್ತದೆ. ಆದರೆ ಮುಂದೆ ಅಲ್ಲಿ ಬಣ್ಣ ಅಥವಾ ಜೆಲ್‌ಕೋಟಿನ ತೇಪೆ ಹಾಕಬೇಕಾದರೆ ಹಿಡಿಯದೆ ಕಣ್ಣು ಕಣ್ಣಾಗಿ ಬಿಡುತ್ತದೆ. ನಮ್ಮ ಕಡೆ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ ಇರುವುದರಿಂದ ಹಲವರು ರಿಪೇರಿ ಕೆಲಸವನ್ನೆಲ್ಲ ಆಗಲೇ ಮುಗಿಸುತ್ತಾರೆ. ಆಮ್ಲದ ಕೆಲಸಕ್ಕೆ ಆ ತಿಂಗಳುಗಳು ಅಡ್ಡಿಯಿಲ್ಲ. ವ್ಯಾಕ್ಸ್ ಮಾತ್ರ ಜಡಿಮಳೆಯ ತೇವದಲ್ಲಿ ಹಿಡಿಯುವುದಿಲ್ಲ, ಅದಕ್ಕೆ ಬಿಸಿಲು ಬರಲಿ.

ಈಗ ಬೋಲ್ಟಿನ ಬುಡದ ಉಂಗುರ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರಲು ಅದಕ್ಕೆ ಗಾಳಿಯ ಆಮ್ಲಜನಕ ತಾಗುತ್ತಿರಬೇಕು. ಬೋಲ್ಟಿನ ಅಡಿಯ ಅಂಟು ಸಡಿಲವಾಗಿ ಉಪ್ಪುನೀರು ಒಳಗೆ ನಿಂತರೆ, ಕಾಣದ ಆ ಸಂದಿನಲ್ಲಿ ತುಕ್ಕು ಶುರುವಾಗುತ್ತದೆ. ಹೊರಗೆ ಇಳಿದ ಗೆರೆ ಅದರ ಬಾಲ ಮಾತ್ರ. ನಾನು ಕೊಕ್ಕೆಯ ಬೋಲ್ಟನ್ನು ಬಿಚ್ಚಿದೆ. ತಲೆ ಕನ್ನಡಿಯಂತಿತ್ತು, ಒಳಗಿನ ಕಾಂಡ ಇಲಿ ಕಡಿದಂತಿತ್ತು. ಅದರ ಬದಲು ಉಪ್ಪುನೀರಿಗೆ ಹೆಚ್ಚು ತಾಳುವ 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟನ್ನು ಹಾಕಿ, ಪಾಲಿಯುರೆಥೇನ್ ಸೀಲಂಟ್ ತುಂಬಿ ಬಿಗಿದೆ. ಅಂಗಡಿಯವನು ಆಯಸ್ಕಾಂತ ಹಿಡಿದು 'ಅಂಟುವುದಿಲ್ಲ ನೋಡಿ, ಒಳ್ಳೆಯ ಮಾಲು' ಎಂದರೆ ನಂಬಬೇಡಿ. ಉಪ್ಪುನೀರಿಗೆ ಅಷ್ಟಾಗಿ ತಾಳದ 304 ದರ್ಜೆಗೂ ಸಾಮಾನ್ಯವಾಗಿ ಆಯಸ್ಕಾಂತ ಅಂಟುವುದಿಲ್ಲ, 316ಕ್ಕೂ ಅಂಟುವುದಿಲ್ಲ.

ಜೊತೆಗೆ ಒದ್ದೆ ತೆಂಗಿನ ನಾರಿನ ಹಗ್ಗವನ್ನು ಬಿಳಿ ಮೈಮೇಲೆ ಸುತ್ತಿಡುವುದನ್ನು ನಿಲ್ಲಿಸಿದೆ, ಅದರ ಒಗರೂ ಕಂದು ಬಿಡುತ್ತದೆ. ಟೈರ್‌ಗಳಿಗೆ ಹಳೆಯ ಕ್ಯಾನ್ವಾಸ್ ಹೊಲಿಸಿದೆ. ದೋಣಿ ನೀರಿಗಿಳಿದು ಹದಿನೈದು ದಿನವಾದ ಮೇಲೆ ಬೋಲ್ಟಿನ ಬುಡಕ್ಕೆ ಬಿಳಿ ಬಟ್ಟೆಯನ್ನು ಒತ್ತಿ ತಿರುವಿ ನೋಡಿದೆ. ಬಟ್ಟೆಗೆ ಉಪ್ಪು ಹತ್ತಿತ್ತು, ಕಂದು ಇರಲಿಲ್ಲ.